ಸುಮ್ಮಸುಮ್ಮನೆ ಬ್ರೇಕ್ ಬಿದ್ದರೆ…

ಅಡಾಸ್ (ಚಾಲಕರಿಗೆ ನೆರವಾಗುವ ಸ್ವಯಂಚಾಲಿತ ವ್ಯವಸ್ಥೆ) ಇರುವ ಕಾರು ಕೊಂಡಿದ್ದೀರಾ? ಹಾಗಾದರೆ ಒಂದು ವಿಷಯ ತಿಳಿದಿರಲಿ. ಎದುರಿಗೆ ಏನೂ ಇಲ್ಲದಿದ್ದರೂ ಅದು ಒಮ್ಮೊಮ್ಮೆ ತಾನಾಗಿಯೇ ಗಕ್ಕನೆ ಬ್ರೇಕ್ ಹಾಕಬಹುದು. ಇದು ನಮ್ಮ ರಸ್ತೆಗಳಿಗಷ್ಟೇ ಅಂಟಿದ ಕಾಟವಲ್ಲ. ಅಮೆರಿಕದಲ್ಲಿ ಇಂಥ 354 ದೂರುಗಳು ಬಂದ ಮೇಲೆ, ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2022ರ ಫೆಬ್ರುವರಿಯಲ್ಲಿ ಸುಮಾರು 4.16 ಲಕ್ಷ ಟೆಸ್ಲಾ ಕಾರುಗಳ ಬಗ್ಗೆ ತನಿಖೆ ಆರಂಭಿಸಿತು.

ಕ್ಯಾಮೆರಾ, ರೇಡಾರ್‌ಗಳ ಅಂದಾಜು ತಪ್ಪಿದಾಗ ಹೀಗಾಗುತ್ತದೆ. ಮೇಲ್ಸೇತುವೆಯ ನೆರಳು, ತಿರುವಿನ ಅಂಚಿಗೆ ನಿಂತ ಲಾರಿ, ಕಬ್ಬಿಣದ ಬ್ಯಾರಿಕೇಡ್ ಇವೆಲ್ಲ ಕಾರಿಗೆ ದಾರಿಗೆ ಅಡ್ಡ ಬಂದಂತೆ ಕಾಣಬಹುದು.

ಹಾಗೆ ಬ್ರೇಕ್ ಬಿದ್ದಾಗ ಗಾಬರಿಯಾಗಬೇಡಿ. ದಾರಿ ಖಾಲಿ ಇದೆಯೆಂದು ಖಾತ್ರಿಯಾದರೆ ಆಕ್ಸಿಲರೇಟರ್ ಒತ್ತಿ. ಹೆಚ್ಚಿನ ಕಾರುಗಳಲ್ಲಿ ನಿಮ್ಮ ಕಾಲಿನ ಮಾತೇ ನಡೆಯುತ್ತದೆ. ನಿಮ್ಮ ಕಾರಿನಲ್ಲಿ ಹೇಗೆಂದು ಮ್ಯಾನ್ಯುಯಲ್ ಓದಿಕೊಳ್ಳಿ. ಹಿಂದೆ ಬರುವವರು ಗುದ್ದುವ ಅಪಾಯವೇ ದೊಡ್ಡದು, ಆದ್ದರಿಂದ ಕನ್ನಡಿಯ ಮೇಲೆ ಆಗಾಗ ಕಣ್ಣಿರಲಿ.

ಕ್ಯಾಮೆರಾದ ಮುಂದಿನ ಗಾಜನ್ನೂ ರೇಡಾರ್ ಇರುವ ಜಾಗವನ್ನೂ ಕೆಸರು, ಧೂಳಿಲ್ಲದಂತೆ ಒರೆಸಿಡಿ. ರೇಡಾರ್ ಮುಚ್ಚುವಂತೆ ಗಾರ್ಡ್, ಸ್ಟಿಕ್ಕರ್ ಹಾಕಿಸಬೇಡಿ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿಸಲು ಮರೆಯಬೇಡಿ. ಪೇಟೆಯ ದಟ್ಟಣೆಯಲ್ಲಿ ಕ್ರೂಸ್ ಕಂಟ್ರೋಲ್ ಬೇಡ. ತೊಂದರೆ ಮರುಕಳಿಸಿದರೆ ಜಾಗ, ಹೊತ್ತು, ವೇಗ ಬರೆದಿಟ್ಟು, ಡ್ಯಾಶ್‌ಕ್ಯಾಮ್ ವಿಡಿಯೊ ಸಮೇತ ಸರ್ವಿಸ್ ಸೆಂಟರಿಗೆ ತೋರಿಸಿ.

ರೇಜಿಗೆಯೆಂದು ತಾನಾಗಿ ಬೀಳುವ ಈ ತುರ್ತು ಬ್ರೇಕನ್ನೇ ಕಾಯಂ ಆಫ್ ಮಾಡಿಬಿಡಬೇಡಿ. ನಿಜವಾಗಿಯೂ ಯಾರಾದರೂ ಅಡ್ಡ ಬಂದಾಗ ಜೀವ ಉಳಿಸುವುದೂ ಅದೇ.