ಬೆಂಗಳೂರಿಗೆ ಹೊಸಬರೇ? ನಾಲ್ಕು ಭಾನುವಾರ ಬಿಡುವು ಮಾಡಿಕೊಳ್ಳಿ

ಕೆಲಸ ಸಿಕ್ಕಿಯೋ ಕಾಲೇಜಿಗೆ ಸೇರಿಯೋ ಬೆಂಗಳೂರಿಗೆ ಬಂದ ಎಷ್ಟೋ ಮಂದಿಗೆ ವರ್ಷ ಕಳೆದರೂ ಗೊತ್ತಿರುವುದು ಪಿಜಿ, ಆಫೀಸು, ಹತ್ತಿರದ ಮಾಲ್ ಅಷ್ಟೇ. ಊರಿನಿಂದ ಅಪ್ಪ-ಅಮ್ಮ ಬಂದಾಗ ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ ಎಲ್ಲವನ್ನೂ ಒಂದೇ ದಿನ ತೋರಿಸಲು ಹೊರಡುತ್ತಾರೆ. ಅರ್ಧ ದಿನ ಟ್ರಾಫಿಕ್ಕಿಗೇ ಹೋಗುತ್ತದೆ. ಅದರ ಬದಲು ಒಂದು ಭಾನುವಾರಕ್ಕೆ ಒಂದೇ ಭಾಗ ಇಟ್ಟುಕೊಳ್ಳಿ. ಅಲ್ಲಿವರೆಗೆ ಮೆಟ್ರೊ ಅಥವಾ ಬಸ್ಸು, ಆಮೇಲೆ ನಡಿಗೆ.

ಹೊರಡುವ ಮುನ್ನ

ಮೆಟ್ರೊದ ಮೂರು ಮಾರ್ಗ ಗೊತ್ತಿರಲಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ. ಇವೆರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. 2025ರಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ ಕ್ಯೂ ತಪ್ಪುತ್ತದೆ. ಕರ್ನಾಟಕದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ.

ಮೊದಲ ಭಾನುವಾರ: ಪೇಟೆ

ಊರು ಹುಟ್ಟಿದ ಕಡೆಯಿಂದಲೇ ಆರಂಭಿಸಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಬೀದಿಗಳು ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದು ವ್ಯಾಪಾರದ ಹೆಸರಿನಲ್ಲೇ ಇಂದಿಗೂ ನಡೆಯುತ್ತಿವೆ. ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರ ನೋಡಬೇಕೆಂದರೆ ಬೆಳಿಗ್ಗೆ 6ಕ್ಕೆ ಅಲ್ಲಿರಬೇಕು. ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ಆ ಹೊತ್ತಿಗೆ ಬಸ್ಸೇ ಗತಿ. ನಿಲ್ದಾಣ ಮಾರುಕಟ್ಟೆಗೆ ತಾಗಿಕೊಂಡೇ ಇದೆ. ಮಳೆ ಬಂದಿದ್ದರೆ ನೆಲ ಜಾರುತ್ತದೆ, ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ಅಲ್ಲಿಂದ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ನಡೆಯುವಷ್ಟೇ ದೂರ. ಅದರ ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿದ ಈ ಮರದ ಕಟ್ಟಡ ಟಿಪ್ಪುವಿನ ಕಾಲದಲ್ಲಿ, 1791ರಲ್ಲಿ ಮುಗಿಯಿತು. ತೇಗದ ಕಂಬ, ಕಮಾನುಗಳನ್ನು ಸಮಾಧಾನದಿಂದ ನೋಡಿ.

ಎರಡನೇ ಭಾನುವಾರ: ಲಾಲ್‌ಬಾಗ್, ಬಸವನಗುಡಿ

ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಹೋಗಿ. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇಂದು ಸುಮಾರು 240 ಎಕರೆ. ಎಲ್ಲರೂ ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನೀವು ಬಂಡೆ ಹತ್ತದೆ ಬರಬೇಡಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, ನೆತ್ತಿಯ ಮೇಲೆ ಕೆಂಪೇಗೌಡ ಗೋಪುರವಿದೆ.

ತಿಂಡಿಗೆ ಎರಡು ದಾರಿ: 1924ರಲ್ಲಿ ಶುರುವಾದ, ಲಾಲ್‌ಬಾಗ್ ರಸ್ತೆಯ ಎಂಟಿಆರ್, ಇಲ್ಲವೇ ಗಾಂಧಿ ಬಜಾರಿನಲ್ಲಿ 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನ. ಭಾನುವಾರ ಎರಡೂ ಕಡೆ ಹೆಸರು ಬರೆಸಿ ಕಾಯಬೇಕು. ವಿದ್ಯಾರ್ಥಿ ಭವನದಿಂದ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿ, ಬ್ಯೂಗಲ್ ರಾಕ್ ಒಂದರ ಹಿಂದೊಂದು ಸಿಗುತ್ತವೆ. ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣನ ಎತ್ತರ ಸುಮಾರು 15 ಅಡಿ. ಮರಳುವಾಗ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ.

ಮೂರನೇ ಭಾನುವಾರ: ಕಬ್ಬನ್ ಪಾರ್ಕ್ ಸುತ್ತ

ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬನ್ನಿ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಸಂಚಾರ ಇರುವುದಿಲ್ಲ, ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬಹುದು. ಕೆಂಪು ಬಣ್ಣದ ಹೈಕೋರ್ಟ್ ಕಟ್ಟಡ, ಅದರ ಎದುರಿಗೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ. 1956ರಲ್ಲಿ ಪೂರ್ಣಗೊಂಡ ಈ ಸೌಧವನ್ನು ರಸ್ತೆಯಿಂದಷ್ಟೇ ನೋಡಿ ಬರಬೇಕಿತ್ತು. 2025ರಿಂದ ಸಾರ್ವಜನಿಕರಿಗೆ ಒಳಗೂ ತೋರಿಸುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಒಯ್ಯಿರಿ.

ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿನ ಯಂತ್ರಗಳನ್ನು ಗುಂಡಿ ಒತ್ತಿ ತಾವೇ ಓಡಿಸಿ ನೋಡಬಹುದು. ಮಕ್ಕಳು ಬೇಗ ಹೊರಗೆ ಬರುವುದಿಲ್ಲ.

ನಾಲ್ಕನೇ ಭಾನುವಾರ: ಬನ್ನೇರುಘಟ್ಟ

ಇದಕ್ಕೆ ಇಡೀ ದಿನ ಬೇಕು. ಮೆಜೆಸ್ಟಿಕ್‌ನಿಂದ 365 ಸಂಖ್ಯೆಯ ಬಸ್ಸುಗಳಿವೆ. ರಜಾದಿನ ಸಫಾರಿಗೆ ನೂಕುನುಗ್ಗಲು, ಹಾಗಾಗಿ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಂಡು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೊದಲು ಸಫಾರಿ, ಆಮೇಲೆ ಮೃಗಾಲಯ, ಕೊನೆಗೆ ಚಿಟ್ಟೆ ಉದ್ಯಾನ. ವಾರದ ನಡುವೆ ಹೋಗುವವರು ನೆನಪಿಡಿ: ಮಂಗಳವಾರ ರಜೆ.

ಅರ್ಧ ದಿನ ಸಿಕ್ಕರೆ, ಮನೆಯ ಹತ್ತಿರವೇ

* ವೈಟ್‌ಫೀಲ್ಡ್, ಇಂದಿರಾನಗರ ಕಡೆಯವರು: ಹಲಸೂರಿನ ಸೋಮೇಶ್ವರ ದೇವಸ್ಥಾನ. ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ.
* ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು: ಬೇಗೂರಿನ ನಾಗೇಶ್ವರ ದೇವಸ್ಥಾನ. ಸುಮಾರು 890ರ ಕಾಲದ ಅಲ್ಲಿನ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪವಿದೆ. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನ ಮಾತು.
* ಯಶವಂತಪುರ, ಪೀಣ್ಯ ಕಡೆಯವರು: ಮಲ್ಲೇಶ್ವರದ ಕಾಡು ಮಲ್ಲೇಶ್ವರ, ಎದುರಿನ ನಂದಿತೀರ್ಥ, ಆಮೇಲೆ ಸಿಟಿಆರ್‌ನ ಬೆಣ್ಣೆ ದೋಸೆ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ

ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಜನವರಿಯಲ್ಲೇ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ, ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅಪ್ಪ-ಅಮ್ಮನನ್ನು ಊರಿನಿಂದ ಕರೆಸಿಕೊಳ್ಳುವುದಿದ್ದರೆ ಈ ದಿನಗಳಿಗೆ ಹೊಂದಿಸಿ ಟಿಕೆಟ್ ಮಾಡಿಸಿ. ಅಷ್ಟರಲ್ಲಿ ನಾಲ್ಕು ಭಾನುವಾರ ಮುಗಿಸಿಕೊಂಡಿದ್ದರೆ, ಯಾವ ನಿಲ್ದಾಣದಲ್ಲಿ ಇಳಿದು ಯಾವ ಕಡೆ ತಿರುಗಬೇಕೆಂದು ಮೊಬೈಲ್ ನೋಡದೆ ನೀವೇ ಹೇಳುತ್ತೀರಿ.