ಸೂಜಿ ಹಿಡಿಯುವ ಕೈ ಒಂದೇ ಆಗದಿರಲಿ

ಮಗಳೇ,

ಐದು ವರ್ಷದ ಕೂಸಿಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಅದೂ ಮನೆಯಲ್ಲಿ, ನೀವೇ, ಎಂದು ಡಾಕ್ಟರು ಹೇಳಿದಾಗ ಎಂಥ ಗಟ್ಟಿಗಿತ್ತಿಯ ಕೈಯೂ ನಡುಗುತ್ತದೆ. ಧಾರವಾಡದಿಂದ ಪುಣೆಗೆ ಬಂದು, ಇಲ್ಲಿನ ಮಕ್ಕಳ ವಾರ್ಡುಗಳಲ್ಲಿ ನರ್ಸಾಗಿ ದುಡಿದು, ಇಲ್ಲಿಯೇ ಹಣ್ಣಾದವಳು ನಾನು. ಅಂಥ ತಾಯಂದಿರನ್ನು ಬಹಳ ನೋಡಿದ್ದೇನೆ. ಆ ನಡುಕ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ನನ್ನ ಚಿಂತೆ ಆರು ತಿಂಗಳಾಚೆಯದು. ಅಷ್ಟು ಹೊತ್ತಿಗೆ ಮನೆಯಲ್ಲಿ ಸೂಜಿ ಹಿಡಿಯಬಲ್ಲವಳು ನೀನೊಬ್ಬಳೇ ಆಗಿಬಿಟ್ಟಿರಬಾರದು.

ಊರಿನಿಂದ ಫೋನ್ ಬರುತ್ತವೆ. ಇಷ್ಟು ಚಿಕ್ಕದಕ್ಕೆ ಸಕ್ಕರೆ ಕಾಯಿಲೆಯೇ, ಸಿಹಿ ಜಾಸ್ತಿ ತಿನ್ನಿಸಿರಬೇಕು, ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡಲಾಗದು, ಹಾಗಲಕಾಯಿ ರಸ ಕೊಟ್ಟು ನೋಡು ಎನ್ನುತ್ತಾರೆ. ಸಿಟ್ಟಾಗಬೇಡ. ಅವರು ಕಂಡದ್ದು ವಯಸ್ಸಾದವರ ಸಕ್ಕರೆ ಕಾಯಿಲೆ, ಗುಳಿಗೆ ಪಥ್ಯಗಳಿಗೆ ಬಗ್ಗುವಂಥದು. ನಿನ್ನ ಮಗನದು ಟೈಪ್ 1. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ನೀನು ತಿನ್ನಿಸಿದ ಪೇಢೆಯಿಂದ ಬಂದದ್ದಲ್ಲ ಇದು. ಅತ್ತೆಗೆ ಹೇಳು: 1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಮೊದಲ ಮದ್ದು ಅಶುದ್ಧವಾಗಿತ್ತು, ಒಗ್ಗಲಿಲ್ಲ. ಅದನ್ನು ಶುದ್ಧಗೊಳಿಸಿ ಅದೇ ತಿಂಗಳ 23ರಂದು ಮತ್ತೆ ಕೊಟ್ಟಾಗ, ಸಾವಿನ ಬಾಯಲ್ಲಿದ್ದ ಹುಡುಗ ಚೇತರಿಸಿಕೊಂಡು ಇನ್ನೂ 13 ವರ್ಷ ಬದುಕಿದ. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಇನ್ನಷ್ಟು ದಿನ ಉಳಿಸಿಕೊಳ್ಳುವುದೇ ದೊಡ್ಡ ಚಿಕಿತ್ಸೆಯಾಗಿತ್ತು.

ಇಲ್ಲೊಂದು ಅಪಾಯವಿದೆ, ಮನಸ್ಸಿಟ್ಟು ಕೇಳು. ಇನ್ಸುಲಿನ್ ಶುರುವಾಗಿ ಕೆಲವು ವಾರಗಳಾದ ಮೇಲೆ ಹಲವು ಮಕ್ಕಳಿಗೆ ಡೋಸ್ ತೀರ ಕಡಿಮೆ ಸಾಕಾಗುತ್ತದೆ. ಅಳಿದುಳಿದ ಜೀವಕೋಶಗಳು ಸ್ವಲ್ಪ ಸುಧಾರಿಸಿಕೊಂಡು ಕೆಲಸ ಮಾಡುವ ಕಾಲ ಅದು. ಡಾಕ್ಟರುಗಳು ಅದನ್ನು ಹನಿಮೂನ್ ಎನ್ನುತ್ತಾರೆ. ತಿಂಗಳುಗಟ್ಟಲೆ ಇರಬಹುದು, ಆದರೆ ಮುಗಿದೇ ಮುಗಿಯುತ್ತದೆ. ಅದೇ ಹೊತ್ತಿಗೆ ಯಾರೋ ಕಷಾಯ ಕೊಟ್ಟಿರುತ್ತಾರೆ, ವಾಸಿಯಾಯಿತೆಂದು ಮನೆಯವರು ಇನ್ಸುಲಿನ್ ನಿಲ್ಲಿಸುತ್ತಾರೆ. ಮಗು ವಾಂತಿ, ಹೊಟ್ಟೆನೋವು, ಏದುಸಿರಿನೊಂದಿಗೆ ಆಸ್ಪತ್ರೆ ಸೇರುತ್ತದೆ. ಎಲ್ಲ ಮಕ್ಕಳೂ ಅಲ್ಲಿಂದ ಮರಳುವುದಿಲ್ಲ. ಜ್ವರ ಬಂದು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಎಷ್ಟು ಕೊಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳು, ಮಧ್ಯರಾತ್ರಿಯಾದರೂ ಸರಿ.

ಇನ್ನು ಮಗುವಿನ ವಿಷಯ. ನೋಯುವುದೇ ಇಲ್ಲ ಎಂದು ಅವನಿಗೆ ಹೇಳಬೇಡ. ನೋಯುತ್ತದೆ, ಒಂದು ಕ್ಷಣ, ಆಮೇಲೆ ಹೋಗುತ್ತದೆ ಎನ್ನು. ನಿನ್ನ ಮಾತು ನಿಜವೆಂದು ಅವನ ಮೈಗೇ ಗೊತ್ತಾದರೆ ನಾಳೆ ತಾನಾಗಿ ಬಂದು ಕೂರುತ್ತಾನೆ. ಊಟ ಮಾಡದಿದ್ದರೆ ಸೂಜಿ ಹಾಕಿಸ್ತೀನಿ ಎನ್ನುವ ಮಾತು ನಮ್ಮ ಎಲ್ಲ ಮನೆಗಳಲ್ಲೂ ಇದೆ. ನಿನ್ನ ಮನೆಯಲ್ಲಿ ಅದು ಇಂದೇ ನಿಲ್ಲಬೇಕು, ಪಕ್ಕದ ಮನೆಯ ಕಾಕು ಆಡಿದರೂ ನಯವಾಗಿ ತಡೆ. ದಿನಕ್ಕೆ ನಾಲ್ಕು ಸಲ ಅವನನ್ನು ಬದುಕಿಸುವ ಮದ್ದನ್ನು ಶಿಕ್ಷೆಯೆಂದು ಅವನು ತಿಳಿಯಬಾರದು. ನಿದ್ದೆಯಲ್ಲಿ ಗೊತ್ತಾಗದಂತೆ ಚುಚ್ಚಿದರೆ ಸುಲಭವೆಂದು ಕೆಲವರು ಹೇಳುತ್ತಾರೆ. ಮಲಗುವ ಮುಂಚೆ ಅವನಿಗೆ ತಿಳಿಸಿ ಕೊಟ್ಟರೆ ಪರವಾಗಿಲ್ಲ. ಹೇಳದೆ ಕೊಟ್ಟರೆ ಮಗು ನಿದ್ದೆಗೇ ಹೆದರುತ್ತದೆ. ಇಬ್ಬರು ಮೂವರು ಸೇರಿ ಅದುಮಿ ಹಿಡಿಯುವುದನ್ನಂತೂ ನನ್ನಿಂದ ನೋಡಲಾಗದು. ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪಿ ಹಿಡಿ, ಇವತ್ತು ಯಾವ ಕಾಲು ಎಂದು ಅವನನ್ನೇ ಕೇಳು. ಕೊಡುವುದೋ ಬೇಡವೋ ಎಂಬುದು ಅವನ ಆಯ್ಕೆಯಲ್ಲ, ಎಲ್ಲಿ ಎಂಬುದು ಮಾತ್ರ ಅವನದು.

ಆ ಜಾಗ ದಿನವೂ ಬದಲಾಗುತ್ತಿರಬೇಕು. ಹೊಟ್ಟೆ, ತೊಡೆ, ತೋಳು, ಪೃಷ್ಠ ಹೀಗೆ ಸುತ್ತು ಹಾಕು. ಒಂದೇ ಭಾಗದೊಳಗೂ ನಿನ್ನೆಯ ಜಾಗದಿಂದ ಒಂದು ಬೆರಳಗಲ ದೂರ ಸರಿ. ಮಕ್ಕಳು ಬೇಗ ಒಂದು ಉಪಾಯ ಕಂಡುಕೊಳ್ಳುತ್ತಾರೆ: ಮತ್ತೆ ಮತ್ತೆ ಚುಚ್ಚಿದ ಕಡೆ ಕೊಬ್ಬು ಗಂಟುಗಟ್ಟುತ್ತದೆ, ಅಲ್ಲಿ ನೋವು ಕಡಿಮೆ. ಹಾಗಾಗಿ ಅಲ್ಲೇ ಚುಚ್ಚು ಎಂದು ಹಟ ಹಿಡಿಯುತ್ತಾರೆ. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ನಿಧಾನ, ಇನ್ನೊಂದು ದಿನ ಬೇಗ ರಕ್ತಕ್ಕೆ ಸೇರುತ್ತದೆ. ಡೋಸ್ ಸರಿಯಿದ್ದೂ ಶುಗರ್ ಯಾಕೆ ಏರಿಳಿಯುತ್ತಿದೆ ಎಂದು ತಲೆಕೆಡಿಸಿಕೊಳ್ಳುವ ತಾಯಿಗೆ ನಾನು ಹೇಳುವುದು, ಮೊದಲು ಆ ಚರ್ಮವನ್ನು ಬೆರಳಿನಿಂದ ಸವರಿ ನೋಡು ಎಂದು. ಇನ್ಸುಲಿನ್ ಪೆನ್ನಾದರೆ 4 ಮಿಲಿಮೀಟರಿನ ಸೂಜಿ ಸಾಕು. ತೀರ ತೆಳ್ಳಗಿನ ಮಗುವಿಗೆ ಚರ್ಮವನ್ನು ಮೆಲ್ಲಗೆ ಮಡಿಕೆ ಹಿಡಿ. ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆ. ಎಣಿಸುವ ಕೆಲಸ ಅವನಿಗೇ ಕೊಡು, ಕನ್ನಡದಲ್ಲಿ ಎಣಿಸಲಿ.

ಬಾಟಲಿ, ಸಿರಿಂಜು ಬಳಸುವುದಾದರೆ ಇದನ್ನು ಮರೆಯಬೇಡ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಮದ್ದು ಒಳಗೆ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಅವಸರದಲ್ಲಿ ಕೈಗಿಟ್ಟದ್ದನ್ನು ಹಾಗೆಯೇ ಚೀಲಕ್ಕೆ ಹಾಕಬೇಡ, ಅಲ್ಲೇ ನಿಂತು ಎರಡರ ಮೇಲಿನ ಅಂಕಿಯನ್ನೂ ಓದು. ಇಲ್ಲಿ ಡೋಸನ್ನು ದೀಡ್ (ಒಂದೂವರೆ), ಅಡೀಚ್ (ಎರಡೂವರೆ) ಎಂದು ಮರಾಠಿಯಲ್ಲಿ ಹೇಳುತ್ತಾರೆ. ಅರೆ ಯೂನಿಟ್ಟಿನ ವ್ಯತ್ಯಾಸವೂ ಕೂಸಿಗೆ ದೊಡ್ಡದು. ಕೇಳಿಸಿಕೊಂಡಷ್ಟಕ್ಕೆ ತೃಪ್ತಳಾಗದೆ ಅಂಕಿಯಲ್ಲಿ ಬರೆಸಿಕೊ. ಮತ್ತೊಮ್ಮೆ ಕೇಳಲು ಸಂಕೋಚ ಬೇಡ.

ಶುಗರ್ 70ಕ್ಕಿಂತ ಇಳಿದರೆ, ಅಥವಾ ಮಗು ಬೆವತು, ಬಿಳಿಚಿಕೊಂಡು, ಕಾರಣವಿಲ್ಲದೆ ರಚ್ಚೆ ಹಿಡಿದರೆ, ಗ್ಲೂಕೋಸ್ ಪುಡಿ ಕೊಡು. ಎಷ್ಟು ಚಮಚ ಎಂದು ಅವನ ತೂಕ ನೋಡಿ ಡಾಕ್ಟರೇ ಬರೆದುಕೊಡಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸು. ಚಾಕೊಲೇಟ್ ಆಗದು, ಅದರ ಕೊಬ್ಬಿನಿಂದ ಸಕ್ಕರೆ ತಡವಾಗಿ ಏರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡ, ಮಗ್ಗುಲಾಗಿ ಮಲಗಿಸು, ಡಾಕ್ಟರು ಸಕ್ಕರೆ ಏರಿಸುವ ಗ್ಲೂಕಗಾನ್ ಕೊಟ್ಟಿದ್ದರೆ ಚುಚ್ಚು, 108ಕ್ಕೆ ಕರೆ ಮಾಡು. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ಜನಜಂಗುಳಿಯಲ್ಲಿ ಮಗು ಗಂಟೆಗಟ್ಟಲೆ ನಡೆಯುತ್ತದೆ, ಕುಣಿಯುತ್ತದೆ, ಶುಗರ್ ಜರ್ರನೆ ಇಳಿಯುತ್ತದೆ. ಕರೆದುಕೊಂಡು ಹೋಗು, ಅವನೂ ಮೆರವಣಿಗೆ ನೋಡಲಿ. ಗ್ಲೂಕೋಸ್ ಮಾತ್ರ ನಿನ್ನ ಚೀಲದಲ್ಲೂ ಇರಲಿ, ಅವನ ಕಿಸೆಯಲ್ಲೂ ಇರಲಿ.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಹೆಪ್ಪುಗಟ್ಟಿದ್ದನ್ನು ಬಳಸಬೇಡ. ತೆರೆದ ತಾರೀಖನ್ನು ಅದರ ಮೇಲೆಯೇ ಬರೆ, ಬಹುತೇಕ ಇನ್ಸುಲಿನ್ನುಗಳು ನಾಲ್ಕು ವಾರ ಬರುತ್ತವೆ. ಏಪ್ರಿಲ್ ಬಿಸಿಲಲ್ಲಿ ಧಾರವಾಡಕ್ಕೆ ಹೊರಟರೆ, ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಇಳಿಯಬೇಡ.

ಬಳಸಿದ ಸೂಜಿಗಳ ಬಗ್ಗೆ ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಪುಣೆಯಲ್ಲಿ ಮನೆಬಾಗಿಲಿಗೆ ಬಂದು ಕಸ ಒಯ್ಯುವವರಲ್ಲಿ ಹೆಚ್ಚಿನವರು ಸ್ವಚ್ಛ್ ಎಂಬ, ಕಸ ಆಯುವವರೇ ಸೇರಿ ಕಟ್ಟಿಕೊಂಡ ಸಹಕಾರಿ ಸಂಘದ ಹೆಂಗಸರು. ಕೈಯಿಂದಲೇ ಕಸ ವಿಂಗಡಿಸುತ್ತಾರೆ. ನಿನ್ನ ಮಗನ ಸೂಜಿ ಅವರ ಬೆರಳಿಗೆ ನೆಡಬಾರದು. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಭದ್ರ ಮಾಡಿ, ತುಂಬಿದ ಮೇಲೆ ನೀನು ತೋರಿಸುವ ಆಸ್ಪತ್ರೆಯಲ್ಲೇ ತೆಗೆದುಕೊಳ್ಳುತ್ತಾರೋ ಕೇಳಿ ಅಲ್ಲಿ ಕೊಡು.

ಶಾಲೆಯವರು ಹಿಂಜರಿದರೆ ಹೇಳು: 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಇರುವ ಮಕ್ಕಳು ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ಹೇಳಿದೆ. ಇದೇ ಊರಿನ ಜಹಾಂಗೀರ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯಲ್ಲಿ ಡಾ. ಅನುರಾಧಾ ಖಾಡಿಲ್ಕರ್ ಮತ್ತು ಸಂಗಡಿಗರು ಇಂಥ ಮಕ್ಕಳ ಬೆಳವಣಿಗೆಯ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ನೀನು ಒಂಟಿಯಲ್ಲ, ಇನ್ಸುಲಿನ್ ಕೊಟ್ಟು ಮಕ್ಕಳನ್ನು ಬೆಳೆಸುತ್ತಿರುವ ಮನೆಗಳು ಈ ಊರಲ್ಲಿ ಬಹಳ ಇವೆ.

ಈಗ ನಿನ್ನ ಗಂಡನ ವಿಷಯ. ನನಗೆ ಧೈರ್ಯ ಸಾಲದು, ಅವಳೇ ಚೆನ್ನಾಗಿ ಮಾಡುತ್ತಾಳೆ ಎನ್ನುತ್ತಾನೆ. ಧೈರ್ಯ ನಿನಗೂ ಇರಲಿಲ್ಲ, ಮಾಡಿದ್ದರಿಂದ ಬಂತು. ನಿನಗೆ ಜ್ವರ ಬಂದರೆ, ತವರಿಗೆ ಹೋಗಬೇಕಾದರೆ, ಇನ್ನೊಂದು ಬಸಿರು ನಿಂತರೆ ಆ ಮಗುವಿನ ರಾತ್ರಿಯ ಡೋಸ್ ಯಾರ ಕೈಯಲ್ಲಿ? ಅಜ್ಜಿಯೂ ಕಲಿಯಲಿ. ಕೈಗಳು ಹೆಚ್ಚಾದಾಗ ಒಂದೇ ಡೋಸನ್ನು ಇಬ್ಬರೂ ಕೊಟ್ಟುಬಿಡುವ ಭಯವಿದೆ. ಅದಕ್ಕೆ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ಕು ಇಡು. ಕೊಟ್ಟವರು ಸೂಜಿ ಡಬ್ಬಿಗೆ ಹಾಕಿದ ಕೂಡಲೇ ಹೊತ್ತು, ಯೂನಿಟ್, ಜಾಗ, ತಮ್ಮ ಹೆಸರು ಬರೆಯಲಿ. ಅದರಲ್ಲಿ ಬರೆದಿಲ್ಲವೆಂದರೆ ಕೊಟ್ಟಿಲ್ಲವೆಂದು ಊಹಿಸಬೇಡಿ, ಒಬ್ಬರನ್ನೊಬ್ಬರು ಕೇಳಿ. ಮುಂದೆ ಹತ್ತು ಹನ್ನೆರಡು ವರ್ಷಕ್ಕೆ ಹುಡುಗ ತಾನೇ ಚುಚ್ಚಿಕೊಳ್ಳಲು ಕಲಿಯುತ್ತಾನೆ. ಆಗಲೂ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು, ಆ ಭಾರವನ್ನು ಅವನೊಬ್ಬನ ಮೇಲೆ ಬೇಗ ಹೊರಿಸಬೇಡಿ.

ಈ ಭಾನುವಾರ ಬೆಳಗಿನ ಡೋಸ್ ಅವನಪ್ಪ ಕೊಡಲಿ. ನೀನು ಪಕ್ಕದಲ್ಲಿ ಕುಳಿತು ನೋಡು, ಕೈ ಮಾತ್ರ ಚಾಚಬೇಡ.