ಬಳೆ ತೆಗೆದಿಟ್ಟು ಒಳಗೆ ಹೋಗು

ಮಗಳೇ, ದೇವನೂರು ಬಿಟ್ಟು ಬೆಂಗಳೂರಿನ ಲೇಸರ್ ಪ್ರಯೋಗಾಲಯ ಸೇರುತ್ತಿದ್ದೀಯ. ಫಿಸಿಕ್ಸ್ ಮೇಷ್ಟರಾಗಿದ್ದ ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ಮೊದಲು ಕಣ್ಣು. ರುಬಿಡಿಯಂ ಅನಿಲಕ್ಕೆ ಹಾಯಿಸುವ 780 ನ್ಯಾನೊಮೀಟರ್ ಬೆಳಕು ಕಾಣುವುದೇ ಕಷ್ಟ. ಕಾಣದ್ದಕ್ಕೆ ರೆಪ್ಪೆಯೂ ತಾನಾಗಿ ಮುಚ್ಚುವುದಿಲ್ಲ. ಬಳೆ, ಉಂಗುರ, ವಾಚಿಗೆ ತಾಗಿದ ಕಿರಣ ನೇರ ಕಣ್ಣಿಗೇ ಚಿಮ್ಮಬಹುದು. ಎಲ್ಲವನ್ನೂ ತೆಗೆದಿಟ್ಟು ಒಳಗೆ ಹೋಗು. ಯಾರು ನಕ್ಕರೂ ರಕ್ಷಣಾ ಕನ್ನಡಕ ಕಳಚಬೇಡ.

ಇನ್ನು ಕೆಲಸ. ಅನಿಲ ಬೆಳಕನ್ನು ಹಾದುಹೋಗಲು ಬಿಡುತ್ತಿಲ್ಲ ಎಂದರೆ ಎಲ್ಲರೂ ಲೇಸರಿನ ಶಕ್ತಿ ಏರಿಸಲು ಹೋಗುತ್ತಾರೆ. ನೀನು ಧ್ರುವೀಕರಣ ನೋಡು. ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕಿನ ಒಂದೊಂದು ಫೋಟಾನೂ ಪರಮಾಣುವಿಗೆ ಕೋನೀಯ ಸಂವೇಗ ಕೊಡುತ್ತದೆ. ಹೀರಿ, ಬಿಟ್ಟು, ಮತ್ತೆ ಹೀರಿ ಪರಮಾಣುಗಳೆಲ್ಲ ಶಕ್ತಿಮಟ್ಟಗಳ ಸಾಲಿನಲ್ಲಿ ಒಂದೇ ಕೊನೆಗೆ ಸರಿಯುತ್ತವೆ. ಕೆಲವು ರೋಹಿತ ರೇಖೆಗಳಲ್ಲಿ ಅಲ್ಲಿಂದ ಮೇಲಕ್ಕೆ ಮೆಟ್ಟಿಲೇ ಇಲ್ಲ. ಹೀರಲಾಗದೆ ಅನಿಲ ಪಾರದರ್ಶಕವಾಗುತ್ತದೆ. ಬೇರೆ ಕೆಲವು ರೇಖೆಗಳಲ್ಲಿ ಇದೇ ಬೆಳಕಿಗೆ ಹೀರಿಕೆ ಇನ್ನೂ ಹೆಚ್ಚುತ್ತದೆ. ಈ ಆಪ್ಟಿಕಲ್ ಪಂಪಿಂಗ್ ದಾರಿ ತೋರಿದ ಆಲ್ಫ್ರೆಡ್ ಕಾಸ್ಲರ್‌ಗೆ 1966ರಲ್ಲಿ ನೊಬೆಲ್ ಬಂತು.

ಬೆಳಕು ನಿಜಕ್ಕೂ ವೃತ್ತೀಯವೇ ಎಂದು ಬೇರೆಯವರನ್ನು ಕೇಳಬೇಡ, ನೀನೇ ಪರೀಕ್ಷಿಸು. ಕ್ವಾರ್ಟರ್ ವೇವ್ ಪ್ಲೇಟ್ ದಾಟಿದ ಕಿರಣಕ್ಕೆ ಪೋಲರೈಸರ್ ಅಡ್ಡ ಇಟ್ಟು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸು. ಪವರ್ ಮೀಟರಿನ ಅಂಕಿ ಅಲುಗಬಾರದು. ಅಲುಗಿದರೆ ಪ್ಲೇಟಿನ ಕೋನ ತಿದ್ದು. ದಾರಿಯಲ್ಲಿ ಹೊಸ ಕನ್ನಡಿ ಸೇರಿಸಿದಾಗಲೆಲ್ಲ ಮತ್ತೆ ನೋಡು, ಕನ್ನಡಿಯೂ ಧ್ರುವೀಕರಣ ಕೆಡಿಸುತ್ತದೆ. ಭೂಮಿಯ ಕಾಂತಕ್ಷೇತ್ರವನ್ನೂ ಮರೆಯಬೇಡ. ಸಾಲಾಗಿ ನಿಂತ ಪರಮಾಣುಗಳನ್ನು ಚದುರಿಸಲು ಅಷ್ಟೇ ಸಾಕು.

ನಮ್ಮೂರಿನ ಕವಿ ಲಕ್ಷ್ಮೀಶನ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಇದೇ ಧ್ರುವೀಕರಣದ ಬೆನ್ನು ಹತ್ತಿದ ವಿಜ್ಞಾನಿ ಪಂಚರತ್ನಂ ಹೆಸರು ಫಿಸಿಕ್ಸ್ ಓದಿದ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗದು ನೋವಿನ ಸಂಗತಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೂಲಕ ಧ್ರುವೀಕರಣ ಅಭ್ಯಾಸ ಮಾಡಿದವರು ಅವರು. ಧ್ರುವೀಕರಣದ ಸ್ಥಿತಿಗಳನ್ನು ಗೋಳದ ಮೇಲೆ ಗುರುತಿಸಿ, ಅಲ್ಲಿ ಮೂಡುವ ತ್ರಿಕೋನದ ವಿಸ್ತೀರ್ಣವೇ ಬೆಳಕಿನ ಪ್ರಾವಸ್ಥೆಯನ್ನು ನಿರ್ಧರಿಸುತ್ತದೆ ಎಂದು 1956ರಲ್ಲೇ ತೋರಿಸಿದರು. ಆಗ ಅವರಿಗೆ ಇಪ್ಪತ್ತೆರಡು. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋಗಿ, ನೀನು ಈಗ ಹಿಡಿಯುವ ವಿಷಯಕ್ಕೇ ಬಂದರು: ಅನಿಲದ ಪರಮಾಣುಗಳು, ಧ್ರುವೀಕೃತ ಬೆಳಕು. 1969ರಲ್ಲಿ, ಮೂವತ್ತೈದಕ್ಕೇ ತೀರಿಕೊಂಡರು.

1956ರ ಆ ಲೇಖನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿದೆ. ಮೊದಲ ವಾರವೇ ತೆಗೆ. ಪಕ್ಕದಲ್ಲಿ ಹಾಳೆ ಇಟ್ಟುಕೊಂಡು, ಗೋಳ ಬಿಡಿಸಿಕೊಂಡು ಓದು. ಎಲ್ಲಿ ತಡೆಯಿತೋ ಅಲ್ಲಿ ಗುರುತು ಹಾಕಿ ರಾತ್ರಿ ಫೋನ್ ಮಾಡು, ಇಬ್ಬರೂ ಕೂತು ಬಿಡಿಸೋಣ.